‘ಎಲ್ಲಿಗೆ?’ ಎಂದು ನಿಂತ ಆನೆ

ಮೂರು ತುತ್ತು ತಿನ್ನುವ ಹೊಟ್ಟೆ. ಒಂದು ತಿಂದರೆ ಸುಮ್ಮನೆ ನಿಲ್ಲುತ್ತೆ. ಎರಡು ತಿಂದರೆ ಊರಿಗೆ ಊರೇ ನಿದ್ದೆಗೆಡುತ್ತೆ. ಮೂರನ್ನೂ ತಿಂದರೆ, ಎರಡೇ ತಿಂದ ಹಾಗೆ ಮತ್ತೆ ಬಾಯಿ ಬಿಡುತ್ತೆ. ಏನದು ಹೇಳಿ? ತಲೆ ಕೆರೆದುಕೊಳ್ಳಬೇಡಿ, ಸಿಗಲ್ಲ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರು ಮಾತ್ರ ‘ಗೊತ್ತು ಗೊತ್ತು’ ಅಂತಾರೆ. ಬೇಕಾದ್ದನ್ನೆಲ್ಲ ಒಟ್ಟಿಗೆ ಕೊಡದೆ ಒಂದೊಂದಾಗಿ ಕೊಡುವ ಆ ಉಪಾಯಕ್ಕೆ ‘ಕರಿಯಿಂಗ್’ ಅಂತ ಹೆಸರೂ ಇಟ್ಟಿದ್ದಾರೆ. ಒಗ್ಗರಣೆಗೂ ಅದಕ್ಕೂ ಸಂಬಂಧ ಇಲ್ಲ. ಕಾಡಿನಲ್ಲಿ ಅದರ ಹೆಸರು ಭೈರಜ್ಜ.

ಬಿದಿರು ದಟ್ಟವಾಗಿ ಬೆಳೆದಿದ್ದ ಒಂದು ಕಾಡು. ಅಲ್ಲಿ ಭೈರಜ್ಜ ಅಂತ ಒಂದು ಮುದಿ ಆನೆ. ಭಾರ ಹೊತ್ತು ಹಾಕುವುದು ಅವನ ಕೆಲಸ. ಅವನಿಗೆ ಮೂರು ಮಾತು ಬೇಕಿತ್ತು, ಅದೂ ಒಂದೊಂದಾಗಿ. ಮೊದಲು ‘ಏನು?’ ಅಂತಿದ್ದ. ಉತ್ತರ ಸಿಕ್ಕರೆ ‘ಹೇಗೆ?’ ಅಂತಿದ್ದ. ಅದೂ ಸಿಕ್ಕರೆ ‘ಎಲ್ಲಿಗೆ?’ ಅಂತಿದ್ದ. ಮೂರನೆಯದು ಕಿವಿಗೆ ಬಿತ್ತೋ, ಕೆಲಸ ಮುಗಿಯುವ ತನಕ ಬೇರೇನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಇದರಿಂದ ಕಾಡಿಗೆ ಅನುಕೂಲವೇ ಇತ್ತು. ಹಲಸಿನ ಕಾಲದಲ್ಲಿ ಕರಡಿಯಮ್ಮ ಬೆಳಿಗ್ಗೆಯೇ ಬಂದು ‘ಹಲಸಿನ ಹಣ್ಣು’, ‘ಮೆಲ್ಲಗೆ’ ಅಂತ ಎರಡು ಮಾತು ಹೇಳಿ ಹೋಗುತ್ತಿದ್ದಳು. ಆಮೇಲೆ ಬಂದವರು ತಮ್ಮ ಜಾಗ ಒಂದನ್ನು ಹೇಳಿದರೆ ಆಯಿತು, ಹಣ್ಣು ಮೆಲ್ಲಗೆ ಅಲ್ಲಿಗೆ ಬಂದು ಕೂರುತ್ತಿತ್ತು. ಕರಡಿಯಮ್ಮನ ದನಿಯಲ್ಲೇ ‘ಸಾಕಜ್ಜ’ ಅಂತ ಕೇಳುವ ತನಕ ಆ ಎರಡು ಮಾತು ಅಜ್ಜನ ತಲೆಯಲ್ಲಿ ಕೂತೇ ಇರುತ್ತಿದ್ದವು. ಕೊನೆಯ ಮಾತು ಮಾತ್ರ ಯಾರ ಬಾಯಿಂದ ಬಂದರೂ ನಡೆಯುತ್ತಿತ್ತು.

ಕಿಸಿಯಪ್ಪ ಅಂತ ಒಂದು ಕತ್ತೆಕಿರುಬ ಇದನ್ನೆಲ್ಲ ಪೊದೆಯಲ್ಲಿ ಕೂತು ನೋಡುತ್ತಿದ್ದ. ಹಲಸು ಮುಗಿದ ಮೇಲೆ ಅವನು ಅಜ್ಜನ ಮುಂದೆ ಬಂದು ನಿಂತ.

“ಏನು?” ಅಂದ ಅಜ್ಜ.

“ಕರಿಬಂಡೆ.”

“ಹೇಗೆ?”

“ಧಡಾರ್ ಅಂತ.”

“ಎಲ್ಲಿಗೆ?”

ಕಿಸಿಯಪ್ಪ ಹಲ್ಲು ಕಿಸಿದ. ಏನೂ ಹೇಳದೆ ಬಾಲ ತಿರುಗಿಸಿ ಹೊರಟುಹೋದ.

ಅಲ್ಲಿಂದ ಕಾಡಿನ ನೆಮ್ಮದಿ ಹೋಯಿತು. ಎರಡು ಮಾತು ಹೇಳಿಟ್ಟವನು ಕಿಸಿಯಪ್ಪ, ಅವನಲ್ಲದೆ ಬೇರೆ ಯಾರು ‘ಸಾಕಜ್ಜ’ ಅಂದರೂ ನಡೆಯುತ್ತಿರಲಿಲ್ಲ. ಭೈರಜ್ಜ ಕರಿಬಂಡೆಯನ್ನು ಸೊಂಡಿಲಿನಲ್ಲಿ ಎತ್ತಿಕೊಂಡು ‘ಎಲ್ಲಿಗೆ? ಎಲ್ಲಿಗೆ?’ ಅಂತ ಓಡಾಡತೊಡಗಿದ. ಪಾಪದ ಜಿಂಕೆಯೊಂದು ತನ್ನ ಗೆಳತಿಗೆ “ಬಾರೇ, ಕೆರೆಗೆ ಹೋಗೋಣ” ಅಂದಿತು. ಅಜ್ಜ ಪಕ್ಕದಲ್ಲೇ ಇದ್ದ. ಬಂಡೆ ಧಡಾರ್ ಅಂತ ಕೆರೆಗೆ ಬಿತ್ತು. ಕೆರೆಯ ಏರಿ ಒಡೆದು ನೀರೆಲ್ಲ ಹರಿದುಹೋಯಿತು. ಅಜ್ಜ ಕೆಸರಿಗಿಳಿದು ಬಂಡೆಯನ್ನು ಮತ್ತೆ ಎತ್ತಿಕೊಂಡು ಬಂದು ಕೇಳಿದ: “ಎಲ್ಲಿಗೆ?”

ಆಮೇಲೆ ಜಾಗದ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮಂಗಗಳೂ ಕಣ್ಸನ್ನೆಯಲ್ಲಿ ಜಗಳವಾಡಿದವು.

ಎಲ್ಲರಿಗಿಂತ ಹೆಚ್ಚು ಹೆದರಿದವಳು ಚೂಪಕ್ಕ. ಅವಳು ಮುಳ್ಳುಹಂದಿ. ಅತ್ತಿಮರದ ಬುಡದಲ್ಲಿ ಅವಳ ಬಿಲ. ಬಿಲದಲ್ಲಿ ಮರಿಗಳು. ಅದರಲ್ಲಿ ಪಿಟ್ಟಿ ಅನ್ನೋ ಚಿಕ್ಕದಕ್ಕೆ ಬಾಯಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಮರಿಗಳನ್ನು ಕರೆದುಕೊಂಡು ಗೆಡ್ಡೆ ಅಗೆಯಲು ಹೋಗಿದ್ದಾಗ ನೆಲ ಅದುರಿತು. ತಲೆ ಎತ್ತಿದರೆ ಕಂಬದಂಥ ಕಾಲು. ಕಾಲಿನ ಮೇಲೆ ಅಜ್ಜ. ಅಜ್ಜನ ಮೇಲೆ ಬಂಡೆ.

“ಎಲ್ಲಿಗೆ?”

ಪಿಟ್ಟಿ ಬಾಯಿ ತೆರೆಯಿತು. “ಅಮ್ಮಾ, ನಾವು ಬಿ...”

ಚೂಪಕ್ಕ ಕೈಯಲ್ಲಿದ್ದ ಗೆಡ್ಡೆಯನ್ನು ಹಾಗೇ ಅದರ ಬಾಯಿಗೆ ತುರುಕಿದಳು. ಪಿಟ್ಟಿ ಕಣ್ಣು ಮೇಲೆ ಮಾಡಿತು. ಅಜ್ಜ ತುಂಬಾ ಹೊತ್ತು ಕಾದ. ಅವಳ ಮೈಮುಳ್ಳೆಲ್ಲ ಗಲಗಲ ಅಂತಿತ್ತು. ಕೊನೆಗೆ ಅಜ್ಜ ನಿಟ್ಟುಸಿರು ಬಿಟ್ಟು ಮುಂದೆ ಹೋದ. ಆಮೇಲೆ ಚೂಪಕ್ಕನಿಗೆ ನಿದ್ದೆ ಅನ್ನೋದೇ ಇಲ್ಲ. ಪಿಟ್ಟಿ ಕನವರಿಸಿದರೂ ಎದ್ದು ಅದರ ಬಾಯಿ ಮುಚ್ಚುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಕಿಸಿಯಪ್ಪನೇ ಬಂದ. ಹಿಂದೆ ಅಜ್ಜನನ್ನೂ ನಡೆಸಿಕೊಂಡು ಬಂದಿದ್ದ.

“ಏನಕ್ಕಾ, ಚೆನ್ನಾಗಿದ್ದೀಯಾ?” ಅಂದ. “ನೀನಿರೋ ಜಾಗ ತಂಪಾಗಿದೆಯಂತೆ. ಈ ಸೆಕೆಗೆ ನನಗೊಂದು ಬೇಕಿತ್ತು. ಖಾಲಿ ಮಾಡ್ತೀಯೋ, ಇಲ್ಲಾ ಅಜ್ಜನಿಗೆ ಒಂದೇ ಒಂದು ಮಾತು ಹೇಳಲೋ? ಎರಡು ಆಗಲೇ ಹೇಳಿಟ್ಟಿದ್ದೀನಿ, ಗೊತ್ತಲ್ಲ!”

“ಮಳೆಗಾಲ ಬರ್ತಿದೆ ಕಿಸಿಯಣ್ಣ. ಈ ಪುಟ್ಟ ಮಕ್ಕಳನ್ನ ಕಟ್ಟಿಕೊಂಡು ಹೇಗೆ ಹೋಗಲಿ?”

“ಕಾಲಿಲ್ವಾ? ನಡಕೊಂಡು ಹೋಗು. ಹಿ ಹಿ ಹಿ!”

ಇವನ ಗವಿಯ ಹೆಸರನ್ನೇ ಅಜ್ಜನ ಕಿವಿಗೆ ಹಾಕಿಬಿಡೋಣ ಅಂತ ಚೂಪಕ್ಕನಿಗೆ ಅನ್ನಿಸಿತು. ಆದರೆ ಆ ಗವಿ ಎಲ್ಲಿದೆ ಅಂತ ಕಾಡಿನಲ್ಲಿ ಒಂದು ಇರುವೆಗೂ ಗೊತ್ತಿರಲಿಲ್ಲ. ಎಲ್ಲರ ಜಾಗದ ಮೇಲೂ ಹೆದರಿಸುವವನು ತನ್ನ ಜಾಗ ಮಾತ್ರ ಮುಚ್ಚಿಟ್ಟಿದ್ದ. ಅವಳು ಅಜ್ಜನ ಕಿವಿ ನೋಡಿದಳು. ಮೊರದಷ್ಟು ಅಗಲದ ಕಿವಿ, ಮುಂದಕ್ಕೆ ಬಾಗಿ ಕಾಯುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ಜಾಗ, ಅಷ್ಟೇ. ಹೇಳಿದವರು ಯಾರು ಅಂತ ಅದು ಕೇಳುವುದಿಲ್ಲ.

“ಆಯ್ತಣ್ಣ, ಹೋಗ್ತೀನಿ,” ಅಂದಳು. “ಆದರೆ ನಾನು ಕಡಿದು ಹಲ್ಲು ಮಸೆಯೋಕೆ ಅಂತ ಕೂಡಿಟ್ಟ ಎಲುಬಿದೆ. ಕಾಡುಕೋಣದ್ದು. ಹೊತ್ತುಕೊಂಡು ಹೋಗೋಕಾಗಲ್ಲ. ಬಿಟ್ಟರೆ ಕಂಡವರು ತಿಂತಾರೆ.”

ಕಿಸಿಯಪ್ಪನ ಬಾಯಲ್ಲಿ ನೀರು ಬಂತು. “ಕಾಡುಕೋಣದ್ದಾ? ಒಳಗೆ ತಿರುಳಿದೆಯಾ?”

“ತುಂಬಾ ಇದೆ. ಎಲ್ಲಾ ನಿಮಗೇ. ಹೊತ್ತು ಹಾಕೋಕೆ ನನ್ನ ಅಣ್ಣತಮ್ಮಂದಿರು ಬರ್ತಾರೆ. ನರಿಗಳು ಆಗಲೇ ಹೊಂಚುಹಾಕಿ ನಿಂತಿವೆ ನೋಡಿ, ಬೇಗ ಹೇಳಿ. ಯಾವ ಕಡೆ ಹಾಕಿಸಲಿ?”

ನರಿ ಅಂದ ಕೂಡಲೇ ಕಿಸಿಯಪ್ಪನಿಗೆ ತಡೆಯಲಾಗಲಿಲ್ಲ.

“ಜೇನುಗುಡ್ಡದ ಹಿಂದೆ, ಸೀಗೆ ಪೊದೆಯೊಳಗಿನ ಗವಿಗೆ!” ಅಂತ ಕೂಗಿದ.

“ಹೂಂ,” ಅಂದ ಭೈರಜ್ಜ.

ಅಷ್ಟು ದಿನದ ಮೇಲೆ ಅಜ್ಜನ ಮುಖ ಅರಳಿತ್ತು. ಬಂಡೆ ಎತ್ತಿಕೊಂಡು ಜೇನುಗುಡ್ಡದ ಕಡೆ ತಿರುಗಿದ.

“ಅಯ್ಯೋ ಅಜ್ಜ! ನಿನಗಲ್ಲ ಹೇಳಿದ್ದು! ಸಾಕು! ಸಾಕಜ್ಜ!” ಕಿಸಿಯಪ್ಪ ಕಾಲಿಗೆ ಸುತ್ತಿಕೊಂಡ, ಬಾಲ ಕಚ್ಚಿ ಎಳೆದ. ಮೂರೂ ಸಿಕ್ಕ ಅಜ್ಜನಿಗೆ ಕೇಳಿಸಬೇಕಲ್ಲ! ಸೀಗೆ ಪೊದೆ ಮುರಿದ ಸದ್ದು ಬಂತು. ಆಮೇಲೆ ಧಡಾರ್! ಗವಿಯ ಜೊತೆಗೆ ಮೇಲಿದ್ದ ಜೇನುಗೂಡೂ ಅದುರಿತು. ಹುಳುಗಳು ಕಿಸಿಯಪ್ಪನನ್ನೇ ಹುಡುಕಿಕೊಂಡು ಬಂದವು. ಅಜ್ಜ ಬಂಡೆಯನ್ನು ಮತ್ತೆ ಎತ್ತಿ ‘ಎಲ್ಲಿಗೆ?’ ಅನ್ನುವಷ್ಟರಲ್ಲಿ ಅವನು ಕಾಡು ಬಿಟ್ಟು ಓಡುತ್ತಾ ಗಂಟಲು ಹರಿಯುವಂತೆ ಕಿರುಚುತ್ತಿದ್ದ: “ಸಾಕಜ್ಜಾ! ಸಾಕೋ!”

ಆಗ ಅದು ಕೇಳಿಸಿತು. ಅಜ್ಜ ಬಂಡೆ ಇಳಿಸಿದ. ನಿಧಾನವಾಗಿ ಅತ್ತಿಮರದ ಹತ್ತಿರ ವಾಪಸ್ ಬಂದ.

“ಏನು?”

ಚೂಪಕ್ಕ ಮುಂದೆ ಬಂದಳು. “ಬಿದಿರ ಕಳಲೆ, ಅಜ್ಜ.”

“ಹೇಗೆ?”

“ಮೆಲ್ಲಗೆ. ಬಹಳ ಮೆಲ್ಲಗೆ.”

“ಎಲ್ಲಿಗೆ?”

ಚೂಪಕ್ಕ ಪಿಟ್ಟಿಯ ಕಡೆ ನೋಡಿ ತಲೆ ಆಡಿಸಿದಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಪಿಟ್ಟಿ ಕಾಡಿಗೆಲ್ಲ ಕೇಳುವ ಹಾಗೆ ಕೂಗಿತು:

“ಬಿಲಕ್ಕೇ!”

ಒಂದು ವಿಷಯ ಹೇಳಿಬಿಡಬೇಕು. ಹಿಂದೆ ಈ ಕಥೆ ಹೇಳುತ್ತಿದ್ದವರು ಕಿಸಿಯಪ್ಪ ಜಾಗ ಹೇಳಲು ಬಾಯಿ ತೆರೆದಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಅಜ್ಜ ಪಾಪ, ಬಂಡೆ ಹೊತ್ತು ‘ಎಲ್ಲಿಗೆ?’ ಅಂತ ನಿಂತೇ ಇದ್ದ. ಎಷ್ಟು ದಿನ ಅಂತ ನಿಲ್ಲಬೇಕು? ಕಥೆಯ ಕೊನೆ ಖಾಲಿ ಇತ್ತು, ಯಾರು ಬೇಕಾದರೂ ತುಂಬಬಹುದಿತ್ತು. ಅದಕ್ಕೇ ಗವಿ, ಜೇನು, ಬಿಲ, ಎಲ್ಲ ನಾನೇ ತುಂಬಿದೆ.

ನೀತಿ: ಇನ್ನೊಬ್ಬರನ್ನು ಹೆದರಿಸಲು ಎಲ್ಲವನ್ನೂ ಸಿದ್ಧಮಾಡಿ ಕೊನೆಯ ಮಾತನ್ನು ಖಾಲಿ ಬಿಡಬೇಡಿ, ಆ ಖಾಲಿ ಜಾಗ ನಿಮ್ಮ ಬಾಯಿಂದಲೇ ತುಂಬೀತು.