ಹಿಡಿಯುವವರು ಬೇಡದ ಏಣಿ

"ಬುದ್ಧಿ, ಮನೆಗೆ ಬೇಕಾದ್ದೆಲ್ಲವನ್ನೂ ತಂದಿಟ್ಟು ಬಂದಿದ್ದೇನೆ. ಇನ್ನು ನಾನು ಮಠದಲ್ಲೇ ಉಳಿದುಬಿಟ್ಟರೆ ತಪ್ಪಾಗುತ್ತದೆಯೇ?" ಎಂದು ಗುರುಮಲ್ಲ ಕೇಳಿದ.

ಅವನು ಮಠಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ಊರಿನಲ್ಲಿ ಹೆಂಡತಿ ಮತ್ತು ಎರಡು ಚಿಕ್ಕ ಮಕ್ಕಳಿದ್ದರು.

ಗುರುಗಳು ದಾಸೋಹದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. "ಏನೇನು ತಂದಿಟ್ಟೆ?" ಎಂದರು.

"ವರ್ಷಕ್ಕಾಗುವಷ್ಟು ರಾಗಿ, ಅಕ್ಕಿ ತುಂಬಿಸಿದ್ದೇನೆ. ಎರಡು ಸಿಲಿಂಡರ್ ಇದೆ. ನೀರಿಗೆ ಮೋಟಾರು ಹಾಕಿಸಿದೆ. ಬಟ್ಟೆ ಒಗೆಯುವ ಮಿಷನ್ನೂ ಬಂತು. ಅವಳು ಯಾವುದಕ್ಕೂ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗಿಲ್ಲ."

"ನಿನ್ನನ್ನೂ ಕರೆಯಬೇಕಾಗಿಲ್ಲ."

"ಇಲ್ಲ ಬುದ್ಧಿ," ಎಂದ ಗುರುಮಲ್ಲ. ಅದನ್ನು ಅವನು ಹೊಗಳಿಕೆ ಎಂದುಕೊಂಡ.

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ. ಕುಡಿತವಿರಲಿಲ್ಲ, ಜೂಜಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಗಡಿಯಾರವನ್ನು ಕಿವಿಗಿಟ್ಟುಕೊಂಡೇ ಅದರ ಕಾಯಿಲೆ ಹೇಳುತ್ತಿದ್ದ. ಅದೇ ಕಿವಿಯನ್ನು ಹೆಂಡತಿಯ ಮಾತಿಗೆ ಕೊಟ್ಟದ್ದು ಕಡಿಮೆ.

ಮನೆಯಲ್ಲಿ ಅವರಿಬ್ಬರೇ. ಅಡುಗೆಮನೆಯ ಮೇಲೆ ಒಂದು ಅಟ್ಟವಿತ್ತು. ದಿನವೂ ಬೇಡದ ಸಾಮಾನೆಲ್ಲ ಅಲ್ಲಿತ್ತು: ಹತ್ತಾರು ಜನಕ್ಕೆ ಬೇಯಿಸುವ ಹಿತ್ತಾಳೆಯ ತಪ್ಪಲೆಗಳು, ಹೆಚ್ಚಿನ ಹಾಸಿಗೆ, ಉಪ್ಪಿನಕಾಯಿ ಭರಣಿ. ಅಟ್ಟಕ್ಕೆ ಒಂದು ಬಿದಿರೇಣಿ. ವರ್ಷಕ್ಕೆ ಐದಾರು ಸಲ ಅದರ ಕೆಲಸ ಬೀಳುತ್ತಿತ್ತು. ಯುಗಾದಿಗೆ ಮುಂಚೆ ಜೇಡರ ಬಲೆ ತೆಗೆಯಬೇಕು, ಬಲ್ಬು ಹೋದರೆ ಬದಲಿಸಬೇಕು, ನೆಂಟರು ಬಂದರೆ ತಪ್ಪಲೆ ಇಳಿಸಬೇಕು. ಎತ್ತರಕ್ಕೆ ಹೋದರೆ ಗಂಡನಿಗೆ ತಲೆ ಸುತ್ತುತ್ತಿತ್ತು. ಆದ್ದರಿಂದ ಹೆಂಡತಿ ಏರುವುದು, ಗಂಡ ಹಿಡಿಯುವುದು.

ಅವನು ಗೊಣಗದೆ ಬಂದ ದಿನ ಒಂದೂ ಇಲ್ಲ. ಆದರೂ ಬರುತ್ತಿದ್ದ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಲ್ಲಿ ಏಣಿಯ ಕಾಲುಗಳನ್ನು ಹಿಡಿದು ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಹೆಂಡತಿ ಮೇಲಿಂದ ತನಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಮನೆ ಸೋರುವ ಜಾಗ, ತನ್ನ ಮೊಣಕಾಲಿನ ನೋವು, ಪಕ್ಕದ ಮನೆಯವಳು ಆಡಿದ ಮಾತು. ಏಣಿ ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ಅವನು ಕೇಳುತ್ತಿದ್ದ. ವರ್ಷಕ್ಕೆ ಐದಾರು ಸಲ ಮಾತ್ರ ಅವನು ಹಾಗೆ ಸಿಕ್ಕುತ್ತಿದ್ದ.

ಒಂದು ದಿನ ಅವಳು ಕರೆದಳೆಂದು ಅವಸರದಲ್ಲಿ ಏಳುವಾಗ ಒಂದು ತಿರುಪು ಸಿಡಿದು ಕಾಣೆಯಾಯಿತು. ಎರಡು ದಿನ ನೆಲ ಗುಡಿಸಿ ಹುಡುಕಿದರೂ ಸಿಗಲಿಲ್ಲ. ಗಡಿಯಾರ ಕೊಟ್ಟವನು ಬಂದು ಬಾಯಿಗೆ ಬಂದಂತೆ ಬೈದ. ಆ ಸಂಜೆಯೇ ಗಂಡ ಹೊಸ ಏಣಿ ತರುವುದೆಂದು ತೀರ್ಮಾನಿಸಿದ.

ಅವನು ಕಣ್ಣು ಮುಚ್ಚಿ ಕೊಂಡನೆಂದು ತಿಳಿಯಬೇಡ. ಮೊದಲು ಅಟ್ಟದ ಎತ್ತರ ಅಳೆದ. ಏಣಿ ಓರೆಯಾಗಿ ನಿಲ್ಲುತ್ತದೆಂದು ಅದಕ್ಕೆ ಮೂರು ಅಡಿ ಸೇರಿಸಿದ. ಉಳಿದ ದಿನಗಳಲ್ಲಿ ಅದನ್ನು ಎಲ್ಲಿಡಬೇಕೆಂದು ಮಂಚದ ಕೆಳಗೆ ಟೇಪು ಹಿಡಿದು ನೋಡಿದ. ನಾಲ್ಕು ಅಂಗಡಿ ಸುತ್ತಿದ. ಕಬ್ಬಿಣದ್ದು ಭಾರವೆಂದು ಬಿಟ್ಟ. ಎರಡು ಕಡೆ ಕಾಲಿರುವ ಮಡಚೇಣಿ ಅಡುಗೆಮನೆಯಲ್ಲಿ ಅಗಲಿಸಲು ಜಾಗ ಸಾಲದೆಂದು ಬಿಟ್ಟ. ನಾಲ್ಕನೆಯ ಅಂಗಡಿಯಲ್ಲಿ ಒಂದರೊಳಗೊಂದು ಇಳಿದು ಮೊಣಕಾಲೆತ್ತರಕ್ಕೆ ಕುಗ್ಗುವ ಅಲ್ಯುಮಿನಿಯಂ ಏಣಿ ಇತ್ತು. ಮೇಲಿನ ಮೆಟ್ಟಿಲಿನಿಂದ ಒಂದೊಂದಾಗಿ ಎಳೆದರೆ ಒಂದೊಂದು ಮೆಟ್ಟಿಲಿಗೂ ಟಕ್ ಎಂದು ಲಾಕು ಬೀಳುತ್ತಿತ್ತು. ಒಟ್ಟು ಹನ್ನೊಂದು. ಗಡಿಯಾರದವನಿಗೆ ಆ ಸದ್ದು ಹಿಡಿಸಿತು. ಕಿವಿಗೊಟ್ಟು ಹನ್ನೊಂದನ್ನೂ ಪರೀಕ್ಷಿಸಿದ. ಅಡಿಯ ರಬ್ಬರನ್ನು ಉಗುರಿನಿಂದ ಗೀರಿ ನೋಡಿದ. ಎಷ್ಟು ಭಾರ ತಾಳುತ್ತದೆಂದು ಕೇಳಿದ.

"ಇಬ್ಬರು ನಿಂತರೂ ತಾಳುತ್ತೆ ಸ್ವಾಮಿ," ಎಂದ ಅಂಗಡಿಯವನು. "ಇನ್ನೊಂದು ಅನುಕೂಲ ಏನು ಗೊತ್ತಾ? ಕೆಳಗೆ ಹಿಡಿದುಕೊಳ್ಳೋರು ಬೇಕಾಗಿಲ್ಲ."

ಅಲ್ಲಿಗೆ ವ್ಯಾಪಾರ ಮುಗಿಯಿತು. ಏಣಿಯ ಬಗ್ಗೆ ಕೇಳಬೇಕಾದ್ದನ್ನೆಲ್ಲ ಅವನು ಕೇಳಿದ್ದ. ಅದನ್ನು ಏರುವವಳನ್ನು ಮಾತ್ರ ಅಂಗಡಿಗೆ ಕರೆದುಕೊಂಡು ಹೋಗಿರಲಿಲ್ಲ.

ಮನೆಗೆ ತಂದು ಎಳೆದು ತೋರಿಸಿದ. ಹೆಂಡತಿ ಮುಟ್ಟಿ ನೋಡಿದಳು. "ಚೆನ್ನಾಗಿದೆ. ಹಿಡಿದುಕೊಳ್ಳೋದೆಲ್ಲಿ?"

"ಹಿಡಿಯೋದೇ ಬೇಡ. ಅದಕ್ಕೇ ಅಲ್ವಾ ತಂದದ್ದು?"

"ಹಾಗಾದರೆ ನೀವು?"

"ನಾನು ನನ್ನ ಕೆಲಸ ಮಾಡ್ತೀನಿ, ನೀನು ನಿನ್ನ ಕೆಲಸ ಮಾಡು. ಯಾರಿಗೂ ತೊಂದರೆ ಇಲ್ಲ."

"ನನ್ನಿಂದ ಇಷ್ಟು ವರ್ಷ ತೊಂದರೆ ಆಗ್ತಿತ್ತು ಅನ್ನಿ," ಎಂದು ಅವಳು ನಕ್ಕಳು. ಅವನೂ ನಕ್ಕ. ಬಿದಿರೇಣಿ ಕಡಿದು ನೀರೊಲೆಗೆ ಹೋಯಿತು.

ಹೊಸ ಏಣಿ ಹೇಳಿದಂತೆಯೇ ನಡೆಯಿತು. ಅವಳು ಅಡುಗೆಮನೆಯಲ್ಲಿ ಮೆಟ್ಟಿಲುಗಳನ್ನು ಎಳೆಯುತ್ತಿದ್ದಳು. ಅವನು ಮುಂದಿನ ಕೋಣೆಯಲ್ಲಿ ಕೂತಲ್ಲಿಂದಲೇ ಟಕ್ ಟಕ್ ಎಣಿಸುತ್ತಿದ್ದ. ಹನ್ನೊಂದಾದ ಮೇಲೆ "ಸರಿಯಾಗಿದೆ, ಏರು," ಎಂದು ಕೂಗುತ್ತಿದ್ದ. ಬಲ್ಬು ಬದಲಾಯಿತು. ಯುಗಾದಿಯ ಬಲೆ ತೆಗೆದದ್ದಾಯಿತು. ಬಂದ ಗಿರಾಕಿಗಳಿಗೆಲ್ಲ ಅವನು ಏಣಿಯ ಗುಣಗಾನ ಮಾಡಿದ. ಇಬ್ಬರು ಅಂಥದ್ದನ್ನೇ ಕೊಂಡರು.

ತಪ್ಪಲೆಗಳನ್ನು ಮಾತ್ರ ಅವಳು ಆ ವರ್ಷ ಇಳಿಸಲಿಲ್ಲ. ನಾಲ್ಕು ಜನ ಹೆಚ್ಚಿಗೆ ಬಂದರೆ ಪಕ್ಕದ ಮನೆಯಿಂದ ಪಾತ್ರೆ ಕೇಳಿ ತರುತ್ತಿದ್ದಳು. "ನಮ್ಮಲ್ಲೇ ಅಷ್ಟೊಂದು ಇರುವಾಗ ಇದೇನು ಭಿಕ್ಷೆ?" ಎಂದು ಗಂಡ ಒಮ್ಮೆ ರೇಗಿದ. ಅವಳು ತಂದ ಪಾತ್ರೆ ತೊಳೆದು ಒಲೆಗಿಟ್ಟಳು.

ಆಮೇಲೆ ಅವನ ತಂಗಿಯ ಸೀಮಂತ ಬಂತು. ತಂದೆತಾಯಿಯಿಲ್ಲದ ಹುಡುಗಿ, ಅಣ್ಣನ ಮನೆಯೇ ತವರು. ಅರವತ್ತು ಜನಕ್ಕೆ ಅಡುಗೆಯಾಗಬೇಕು. ಅಷ್ಟು ದೊಡ್ಡ ಪಾತ್ರೆ ಪಕ್ಕದ ಮನೆಯಲ್ಲಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಅವಳು ಏಣಿ ಎಳೆದು ಅಟ್ಟಕ್ಕೆ ಒರಗಿಸಿದಳು.

"ಏನ್ರೀ, ಒಂದು ಗಳಿಗೆ ಬನ್ನಿ."

ಅವನು ಒಂದು ಹೆಂಗಸಿನ ಕೈಗಡಿಯಾರ ಬಿಚ್ಚಿಕೊಂಡಿದ್ದ. ಕೂದಲೆಳೆಯಂಥ ಸ್ಪ್ರಿಂಗ್ ಚಿಮಟದ ತುದಿಯಲ್ಲಿತ್ತು. "ಹನ್ನೊಂದೂ ಬಿತ್ತಲ್ಲ, ನಾನು ಎಣಿಸಿದೆ," ಎಂದ.

"ಏಣಿಗಲ್ಲ ಕರೆದದ್ದು."

"ಮತ್ತೆ ಯಾತಕ್ಕೆ?"

ಯಾತಕ್ಕೆಂದು ಹೇಳಿ ಬೇಡಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಒಂದಿಷ್ಟು ಹೊತ್ತು ಏಣಿಯ ಬುಡದಲ್ಲಿ ನಿಂತಳು. ಮುಂದಿನ ಕೋಣೆಯಿಂದ ಕುರ್ಚಿ ಸರಿದ ಸದ್ದು ಬರಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏರಿದಳು.

ಬಿದಿರೇಣಿಯ ಕಾಲದಲ್ಲಿ ಅವಳು ಮೇಲಿಂದ ತಪ್ಪಲೆಯನ್ನು ಇಳಿಬಿಡುತ್ತಿದ್ದಳು. ಅವನು ಒಂದು ಕೈ ಬಿಟ್ಟು, ಮೊಣಕಾಲನ್ನು ಏಣಿಗೆ ಒತ್ತಿ, ತಪ್ಪಲೆಯನ್ನು ಎದೆಗೆ ತೆಗೆದುಕೊಳ್ಳುತ್ತಿದ್ದ. ಅವಳು ಬರಿಗೈಯಲ್ಲಿ ಇಳಿಯುತ್ತಿದ್ದಳು. ಇಷ್ಟು ವರ್ಷ ತಾನು ಮಾಡಿದ ಆ ಕೆಲಸ ಅವನ ಲೆಕ್ಕದಲ್ಲಿರಲಿಲ್ಲ. ತಾನು ಏಣಿ ಹಿಡಿಯುವವನು ಎಂದಷ್ಟೇ ಅವನು ತಿಳಿದಿದ್ದ. ಏಣಿಗೆ ಅವನು ಬೇಡವೆಂದಾದ ಮೇಲೆ ಅಲ್ಲಿ ತನಗೇನು ಕೆಲಸ ಎಂದುಕೊಂಡ.

ಆ ದಿನ ಅವಳು ತಪ್ಪಲೆಯನ್ನು ಒಂದು ಕೈಯಲ್ಲಿ ಸೊಂಟಕ್ಕೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಮೆಟ್ಟಿಲು ಹಿಡಿದು ಇಳಿಯಲು ತೊಡಗಿದಳು.

ಅವನಿಗೆ ಮೊದಲು ಕೇಳಿಸಿದ್ದು ಹಿತ್ತಾಳೆಯ ಸದ್ದು.

"ಏನು ಬೀಳಿಸಿದೆ?" ಎಂದ.

ಉತ್ತರ ಬರಲಿಲ್ಲ. ಅವನು ಸ್ಪ್ರಿಂಗನ್ನು ಜಾಗದಲ್ಲಿ ಕೂರಿಸಿದ. ಗಡಿಯಾರದ ಮೇಲೆ ಗಾಜಿನ ಲೋಟ ಮಗುಚಿಟ್ಟ. ಮಸೂರ ತೆಗೆದ. ಆಮೇಲೆ ಎದ್ದು ಹೋದ.

ಏಣಿ ಅಟ್ಟಕ್ಕೆ ಒರಗಿಯೇ ನಿಂತಿತ್ತು. ಒಂದು ಬೆರಳಷ್ಟೂ ಸರಿದಿರಲಿಲ್ಲ. ಹನ್ನೊಂದು ಲಾಕೂ ಸರಿಯಾಗಿದ್ದವು. ಅದರ ಬುಡದಲ್ಲಿ ಅವಳು ಅಂಗಾತ ಬಿದ್ದಿದ್ದಳು. ಕಣ್ಣು ತೆರೆದಿತ್ತು. "ಕಾಲು ಎಲ್ಲಿದೆ ನೋಡಿ, ನನಗೆ ಗೊತ್ತಾಗ್ತಿಲ್ಲ," ಎಂದಳು.

ಬೆನ್ನೆಲುಬು ಮುರಿದಿತ್ತು. ಸೊಂಟದಿಂದ ಕೆಳಗೆ ಅವಳಿಗೆ ಮತ್ತೆ ಏನೂ ಗೊತ್ತಾಗಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ಗಂಡ ಏಣಿ ಹೊತ್ತುಕೊಂಡು ಅಂಗಡಿಗೆ ಹೋದ. ರಸ್ತೆಯಲ್ಲೇ ನಿಂತು ಕೂಗಾಡಿದ. ಜನ ಸೇರಿದರು. ಅಂಗಡಿಯವನು ಏಣಿಯನ್ನು ಎಳೆದ. ಹನ್ನೊಂದು ಸಲ ಟಕ್ ಎಂದಿತು. ಗೋಡೆಗೆ ಒರಗಿಸಿ, ತಾನೇ ಮೇಲಕ್ಕೆ ಏರಿ, ಅಲ್ಲಿಂದಲೇ ಕೇಳಿದ.

"ಲಾಕು ಬಿಟ್ಟಿತಾ?"

"ಇಲ್ಲ."

"ಜಾರಿತಾ? ಬಗ್ಗಿತಾ?"

"ಇಲ್ಲ."

"ಮತ್ತೆ ಏಣಿ ಮೇಲೆ ಏನು ದೂರು ನಿಮ್ಮದು, ಅದಾದರೂ ಹೇಳಿ."

ಜನ ಚದುರಿದರು. ಅವನು ಏಣಿ ಹೊತ್ತು ವಾಪಸು ಬಂದ.

ಆಸ್ಪತ್ರೆಯವರು ಒಂದು ಮಾತು ಹೇಳಿ ಕಳಿಸಿದ್ದರು. ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಈ ಕಡೆಯಿಂದ ಹೊರಳಿಸಬೇಕು, ಇನ್ನೊಬ್ಬರು ಆ ಕಡೆ ನಿಂತು ತೆಗೆದುಕೊಳ್ಳಬೇಕು. ಮೊದಲ ತಿಂಗಳು ತಂಗಿ ಇದ್ದಳು. ಅವಳು ದಿನ ತುಂಬಿದ ಹೆಂಗಸು, ಎಷ್ಟು ದಿನ ಇದ್ದಾಳು? ಹೊರಟುಹೋದಳು. ಗಂಡ ಬಾಗಿಲಿಗೆ ಬಂದು, ಹೋಗಿ ಬರುವವರನ್ನು ಕರೆಯತೊಡಗಿದ. "ಒಂದು ಗಳಿಗೆ ಬನ್ನಿ," ಎನ್ನುತ್ತಿದ್ದ. ಕೆಲವರು ಬಂದರು. ಕೆಲವರು ಸಂಜೆ ಬರುತ್ತೇನೆಂದರು. ಪಕ್ಕದ ಮನೆಯವಳು ಒಲೆ ಆರಿಸಿ ಎಷ್ಟೋ ಸಲ ಓಡಿ ಬಂದಳು. ಆದರೆ ಅವಳಿಗೂ ಒಂದು ಮನೆಯಿತ್ತು. ಎರಡು ಗಂಟೆಯಾಯಿತೆಂದು ಹೇಳಲು ಆ ಮನೆಯಲ್ಲಿ ಗಡಿಯಾರಗಳಿಗೆ ಕೊರತೆಯಿರಲಿಲ್ಲ. ಕೈಗಳಿಗೆ ಇತ್ತು.

ಹುಣ್ಣುಗಳಾದವು. ವಾಸನೆ ಬರತೊಡಗಿದ ಮೇಲೆ ಗಿರಾಕಿಗಳು ಹೊಸಿಲು ದಾಟದೆ ಗಡಿಯಾರವನ್ನು ಕಿಟಕಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಯಾರೂ ಸಿಗದೆ, ಒಬ್ಬನೇ ಅವಳನ್ನು ಹೊರಳಿಸಲು ಹೋಗಿ, ಸಾಧ್ಯವಾಗದೆ, ಅವನು ಮಂಚದ ಅಂಚಿನಲ್ಲಿ ಕೂತ.

"ತಪ್ಪಲೆ ತೆಗೆದುಕೊಳ್ಳಿ ಅಂತ ಅವತ್ತು ಒಂದು ಮಾತು ಹೇಳಬಾರದಿತ್ತೇ?" ಎಂದ.

"ಕರೆದಿದ್ದೆನಲ್ಲ," ಎಂದಳು ಅವಳು.

ಅದರಾಚೆ ಅವಳು ಆ ವಿಷಯ ಎತ್ತಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಅವಳು ತೀರಿಕೊಂಡಳು.

ಗುರುಗಳು ಕತೆ ನಿಲ್ಲಿಸಿ, ಮತ್ತೆ ಮೊರವನ್ನು ಮಡಿಲಿಗೆಳೆದುಕೊಂಡರು.

ಗುರುಮಲ್ಲ ಯೋಚಿಸಿದ. ಅವನು ಬುದ್ಧಿವಂತ. ತಕ್ಕಡಿಯಲ್ಲಿಟ್ಟು ತೂಗುವವನ ಹಾಗೆ ಕೇಳಿದ. "ಬುದ್ಧಿ, ಏಣಿಯಲ್ಲಿ ದೋಷವಿರಲಿಲ್ಲ. ಅವನೂ ಕೆಟ್ಟವನಲ್ಲ, ವಿಚಾರಿಸಿಯೇ ತಂದಿದ್ದ. ಅವಳಾದರೂ ಬಿಡಿಸಿ ಹೇಳಬಹುದಿತ್ತು. ಹಾಗಾದರೆ ತಪ್ಪು ಯಾರದು ಎಂದು ತಿಳಿಯಬೇಕು?"

ಗುರುಗಳು ಅಕ್ಕಿಯಿಂದ ತಲೆ ಎತ್ತಲಿಲ್ಲ.

"ನೀನು ಮನೆ ಬಿಟ್ಟು ಹೊರಟಾಗ ನಿನ್ನ ಹೆಂಡತಿ ಏನೆಂದಳು, ಅದನ್ನು ಹೇಳು," ಎಂದರು.

ಗುರುಮಲ್ಲ ನೆನಪು ಮಾಡಿಕೊಳ್ಳಲು ನೋಡಿದ; ಹೊಸ ಮಿಷನ್ನು ತಿರುಗುವ ಸದ್ದು ಮಾತ್ರ ನೆನಪಿಗೆ ಬಂತು.