ಪಾಲಕ್ಕ ಕಡಿಯದೆ ಬಿಟ್ಟ ಮಣ್ಣುಗುಡ್ಡೆ

ಭೂಮಿ ಆಗಷ್ಟೇ ಮೈ ಆರಿಸಿಕೊಳ್ಳುತ್ತಿದ್ದ ಕಾಲ. ಬೆಟ್ಟ ಯಾವುದು, ಬಯಲು ಯಾವುದು ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಎಲ್ಲಿ ನೋಡಿದರೂ ಉಬ್ಬು, ತಗ್ಗು, ಮತ್ತೆ ಉಬ್ಬು, ಮತ್ತೆ ತಗ್ಗು. ಮಡಕೆ ಇಟ್ಟರೆ ಉರುಳುತ್ತಿತ್ತು. ಒಂದು ಕಡೆ ಮಲಗಿದವರು ಇನ್ನೊಂದು ಕಡೆ ಏಳುತ್ತಿದ್ದರು.

ಆಗ ಮಣ್ಣಿನ ಕೆಲಸ ಬಲ್ಲವರು ಇಬ್ಬರೇ, ಪಾಲಕ್ಕ ಮತ್ತು ಅವಳ ಗಂಡ ಗಾದ್ರಿ. ಗಾದ್ರಿ ಗುದ್ದಲಿಯಿಂದ ಅಗೆಯುತ್ತಿದ್ದ. ಪಾಲಕ್ಕ ಆ ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ತಗ್ಗಿಗೆ ಸುರಿಯುತ್ತಿದ್ದಳು. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು.

ಅವರ ಮಗಳು ಕೆಂಚವ್ವ ತುಂಬಿದ ಬಸುರಿ. ಅದೂ ಚೊಚ್ಚಲು. ಬಾಣಂತಿಗೆ ಒಣನೆಲ ಬೇಕು, ಎಳೆಕೂಸಿಗೆ ಬೆಚ್ಚಗಿನ ಮೂಲೆ ಬೇಕು. ಮುಂಗಾರು ಬರುವುದರೊಳಗೆ ಮಗಳಿಗೊಂದು ಮನೆ ಆಗಲೇಬೇಕೆಂದು ಪಾಲಕ್ಕ ಸೆರಗು ಬಿಗಿದು ನಿಂತಳು.

ಅಗೆದರು, ಹೊತ್ತರು, ಸುರಿದರು, ಬಡಿದು ಗಟ್ಟಿ ಮಾಡಿದರು. ಮತ್ತೆ ಅಗೆದರು, ಮತ್ತೆ ಹೊತ್ತರು.

ಮಣ್ಣಿನ ಕೆಲಸದವರದು ಒಂದು ಪದ್ಧತಿಯುಂಟು. ಅಗೆಯುವ ಜಾಗದ ನಡುವೆ ಒಂದು ಗುಡ್ಡೆಯನ್ನು ಮುಟ್ಟದೆ ಬಿಡುತ್ತಾರೆ. ಮೊದಲು ನೆಲ ಎಷ್ಟು ಎತ್ತರವಿತ್ತು, ಎಷ್ಟು ಅಗೆದಾಯಿತು ಎಂದು ಅದನ್ನು ನೋಡಿದರೆ ತಿಳಿಯುತ್ತದೆ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಕೆಲಸ ಮುಗಿದ ದಿನ ಅದನ್ನೂ ಕಡಿದು ಹಾಕಬೇಕು. ಪಾಲಕ್ಕನ ನೆಲದ ನಡುವೆಯೂ ಎದೆಯೆತ್ತರದ ಸಾಕ್ಷಿ ನಿಂತಿತ್ತು. ಅದರ ನೆತ್ತಿಯ ಮೇಲೆ ನಾಲ್ಕು ಜನ ಕೂರಬಹುದಿತ್ತು.

ನೆಲ ಮಟ್ಟವಾಯಿತೋ ಇಲ್ಲವೋ ಎಂದು ನೋಡಲು ಪಾಲಕ್ಕ ಮರದ ಬಟ್ಟಲಿಗೆ ಅಂಚಿನವರೆಗೆ ನೀರು ತುಂಬಿ ಕೆಳಗಿಟ್ಟಳು. ಯಾವ ಕಡೆಗೂ ಚೆಲ್ಲಲಿಲ್ಲ. ಅಂಗಳದಲ್ಲಿಟ್ಟಳು, ಚೆಲ್ಲಲಿಲ್ಲ. ಹಿತ್ತಲಲ್ಲಿಟ್ಟಳು, ಅಲ್ಲೂ ಚೆಲ್ಲಲಿಲ್ಲ. ಪಾಲಕ್ಕ ಹಿಗ್ಗಿಹೋದಳು.

ಗಾಳಿ ಬಂದು ನೋಡಿತು. "ಇಷ್ಟು ಮಟ್ಟ ಮಾಡಿದ್ರೆ ನಾನು ಎಡವೋದೆಲ್ಲಿ ಪಾಲಕ್ಕ?"

"ಎಡವಬೇಕಂದ್ರೆ ಬೇರೆ ಕಡೆ ನೋಡ್ಕೋ ಹೋಗು" ಎಂದಳು ಪಾಲಕ್ಕ.

ಆ ನೆಲದ ಮೇಲೆ, ಸಾಕ್ಷಿಯ ಒಂದು ಬದಿಗೆ, ಮಣ್ಣಿನ ಗೋಡೆ ಎದ್ದಿತು. ಗೋಡೆಯ ಮೇಲೆ ಹುಲ್ಲು ಹೊದಿಸಿದ್ದಾಯಿತು. ಸಾಕ್ಷಿ ಕಡಿಯುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಮುಂಗಾರು ಬಂದೇಬಿಟ್ಟಿತು.

ಮಳೆನೀರು ಅಂಗಳಕ್ಕೆ ಇಳಿಯಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಎಲ್ಲೂ ದಾರಿ ಕಾಣದೆ ಅಲ್ಲೇ ಕೂತಿತು. ಹೊಸಿಲು ದಾಟಿ ಒಳಗೂ ಬಂದು ಕೂತಿತು.

"ಎದ್ದು ಹೋಗೇ ಗಂಗವ್ವ" ಎಂದಳು ಪಾಲಕ್ಕ ನೀರಿಗೆ. "ಮನೇಲಿ ದಿನ ತುಂಬಿದ ಹುಡುಗಿ ಅವ್ಳೆ."

"ಎತ್ಲಾಗೆ ಹೋಗ್ಲಿ ಪಾಲಕ್ಕ?" ಎಂದಿತು ನೀರು. "ತಗ್ಗು ಕಂಡ ಕಡೆ ಜಾರೋದು ಬಿಟ್ರೆ ನಂಗೇನೂ ಬರಲ್ಲ. ನೀನು ಒಂದು ಬೆರಳು ತಗ್ಗೂ ಬಿಟ್ಟಿಲ್ಲ. ಅಲ್ಲಿ ಹಳ್ಳ ನನ್ನ ದಾರಿ ಕಾಯ್ತಾ ಐತೆ, ಇಲ್ಲಿ ಕೂತ್ಕೊಳ್ಳೋಕೆ ನಂಗೇನು ಆಸೆಯಾ?"

ಗೋಡೆಯ ಬುಡ ನೆನೆದು ಮೆತ್ತಗಾಗುತ್ತಿತ್ತು. ಒಳಗಿನಿಂದ ಕೆಂಚವ್ವ ಕೂಗಿದಳು, "ಅವ್ವಾ, ಸೊಂಟ ಹಿಡೀತಾ ಐತೆ. ನಂಗ್ಯಾಕೋ ಭಯ ಆಗ್ತದೆ." ಪಾಲಕ್ಕ ಒಳಗೆ ಓಡಿದಳು. ತಾನೇ ಬಡಿದು ಮಾಡಿದ ನೆಲದಲ್ಲಿ ಮಗಳಿಗೆ ಒಂದು ಅಂಗೈ ಒಣಜಾಗವಿರಲಿಲ್ಲ.

ಗಾದ್ರಿ ಸಾಕ್ಷಿಯ ಕಡೆ ಕೈ ತೋರಿಸಿದ. ಇಬ್ಬರೂ ಮಗಳನ್ನು ಎತ್ತಿಕೊಂಡು ಮೇಲೆ ಹತ್ತಿಸಿದರು, ನಾಲ್ಕು ಕೋಲು ನೆಟ್ಟು ಚಾಪೆ ಹೊದಿಸಿದರು. ಪಾಲಕ್ಕ ಮೇಲುಮಣ್ಣನ್ನು ಕೆರೆದು ನೋಡಿದರೆ ಒಳಗಿನ ಮಣ್ಣು ಒಣಗಿ ಬೆಚ್ಚಗಿತ್ತು. ಹಿಂದೆ ಮನೆಯ ಗೋಡೆ ಧೊಪ್ಪನೆ ಕುಸಿಯಿತು.

"ಇಂಥ ಮಳೇಲೂ ನಿನ್ನ ಮೇಲೆ ಹನಿ ನಿಂತಿಲ್ವಲ್ಲ" ಎಂದಳು ಪಾಲಕ್ಕ, ಮಗಳ ಸೊಂಟ ನೀವುತ್ತಾ.

"ಬಂದೋರಿಗೆ ಹೋಗೋ ದಾರಿ ಇಟ್ಟಿದೀನಿ ತಾಯಿ" ಎಂದಿತು ಮಣ್ಣುಗುಡ್ಡೆ. "ನಂಗೆ ಸುತ್ತಲೂ ಇಳಿಜಾರು."

ಹೊತ್ತು ಮುಳುಗುವ ಮೊದಲೇ ಅಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿಯೂ ಚೆನ್ನಾಗಿದ್ದಳು, ಮಗುವೂ ಚೆನ್ನಾಗಿತ್ತು. ಪಾಲಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು.

ಮಳೆ ಬಿಟ್ಟಿತು. ಪಾಲಕ್ಕ ಮತ್ತೆ ಪುಟ್ಟಿ ಹಿಡಿದಳು. ಈ ಸಲ ಮನೆಯ ನೆಲವನ್ನು ಮೊಣಕಾಲೆತ್ತರಕ್ಕೆ ಏರಿಸಿ ಅದನ್ನಷ್ಟೇ ಮಟ್ಟ ಮಾಡಿ ಮೇಲೆ ಹೊಸ ಗೋಡೆ ಎಬ್ಬಿಸಿದಳು. ಅಂಗಳವನ್ನು ಹೆಜ್ಜೆಗೊಂದು ಬೆರಳು ತಗ್ಗಿಸುತ್ತಾ ಹೋದಳು. ಅಂಗಳ ಮುಗಿಯುವಲ್ಲಿ ಹಳ್ಳದವರೆಗೆ ಸಣ್ಣ ಕಾಲುವೆ ತೋಡಿದಳು.

"ಹಿಂಗೇ ಮಾಡ್ಬೇಕು ಅಂತ ನಂಗೆ ಮೊದ್ಲೇ ಅನ್ಸಿತ್ತು" ಎಂದ ಗಾದ್ರಿ.

"ಹೇಳ್ಬೇಕಿತ್ತು."

"ನೀನು ಮಾತಾಡ್ತಿದ್ದೆ."

ಮುಂದಿನ ಮಳೆಗೆ ನೀರು ಬಂತು, ಇಳಿಜಾರು ಹಿಡಿಯಿತು, "ಬರ್ತೀನಿ ಪಾಲಕ್ಕ" ಎಂದು ಹಳ್ಳಕ್ಕೆ ಹೋಯಿತು. ಒಳಗೆ ಕೂಸು ಬೆಚ್ಚಗೆ ಮಲಗಿತ್ತು.

ಆಮೇಲೆ ಗಾದ್ರಿ ಗುದ್ದಲಿ ಎತ್ತಿಕೊಂಡು ಸಾಕ್ಷಿ ಕಡಿಯಲು ಹೊರಟ. ಗುಡ್ಡೆ ಹೆದರಿ ಮೈಯಿಂದ ಒಂದು ಹಿಡಿ ಮಣ್ಣು ಉದುರಿಸಿತು.

"ಬಿಡು ಅದನ್ನ" ಎಂದಳು ಪಾಲಕ್ಕ.

"ಕಡೀದಿದ್ರೆ ಕೆಲ್ಸ ಮುಗಿದಂಗಲ್ಲ ಕಣೇ."

"ಮುಗೀದೇ ಇರ್ಲಿ. ನನ್ನ ಮೊಮ್ಮಗಳು ಹುಟ್ಟಿದ ಜಾಗ ಅದು. ನನ್ನ ದಡ್ಡತನಕ್ಕೂ ಒಂದು ಸಾಕ್ಷಿ ಬೇಕಲ್ಲ."

ಗಾದ್ರಿ ಗುದ್ದಲಿ ಇಳಿಸಿದ. ಸುದ್ದಿ ಕೇಳಿದ ಜನ ಅಲ್ಲಿಗೆ ಬಂದರು, ಪಾಲಕ್ಕನ ಹತ್ತಿರ ಕೆಲಸ ಕಲಿತರು, ತಮ್ಮ ತಮ್ಮ ಮನೆಗೆ ನೆಲ ಹದ ಮಾಡಿಕೊಂಡರು. ಅವರೂ ನಡುವೆ ಒಂದೊಂದು ಗುಡ್ಡೆಯನ್ನು ಕಡಿಯದೆ ಬಿಟ್ಟರು. ಗಾಳಿ, ನೀರು ಕೂಡ ಕೆಲಸಕ್ಕೆ ಸೇರಿಕೊಂಡು ವರ್ಷ ವರ್ಷವೂ ಸುತ್ತಲಿನ ಮಣ್ಣನ್ನು ಇಷ್ಟಿಷ್ಟೇ ಹೊತ್ತೊಯ್ದವು. ನೆಲ ತಗ್ಗುತ್ತಾ ಹೋಯಿತು, ಗುಡ್ಡೆಗಳು ಇದ್ದಲ್ಲೇ ಇದ್ದವು. ಯಾರೂ ಒಂದು ಪುಟ್ಟಿ ಮಣ್ಣು ಹಾಕದೆಯೇ ಅವು ಗುಡ್ಡಗಳಾದವು, ಒಳಗಿನ ಬಂಡೆ ಹೊರಗೆ ಕಂಡಿತು.

ಅದಕ್ಕೇ ಇವತ್ತಿಗೂ ಬಯಲುಸೀಮೆಯ ಮಟ್ಟಸ ಹೊಲಗಳ ನಡುವೆ, ಅಕ್ಕಪಕ್ಕ ಯಾವ ಬೆಟ್ಟವೂ ಇಲ್ಲದೆ, ಒಂದೊಂದು ಗುಡ್ಡ ಒಂಟಿಯಾಗಿ ನಿಂತಿರುತ್ತದೆ. ಹೊಲಕ್ಕೆಲ್ಲ ನೀರು ನುಗ್ಗಿದ ದಿನ ಅಮ್ಮಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಅದರ ಕಡೆಗೇ ಓಡುತ್ತಾರೆ.