ರಣಮಲ್ಲನ ಹೊಸ ಗುಂಪು

ಒಂದು ಕಾಡಿನಲ್ಲಿ ತನ್ನನ್ನು ತಾನೇ ಬಹಳ ಮೆಚ್ಚಿಕೊಂಡಿದ್ದ ಒಬ್ಬ ಕೆನ್ನಾಯಿಯಿದ್ದ. ಹೆಸರು ರಣಮಲ್ಲ. ಹೆಸರನ್ನು ಅವನೇ ಇಟ್ಟುಕೊಂಡಿದ್ದ, ಅಂಥ ಹೆಸರನ್ನು ಬೇರೆ ಯಾರು ಇಡುತ್ತಾರೆ? ಅವನ ಮೈ ಕೆಂಪಗಿತ್ತು, ಬಾಲ ಕಪ್ಪಗಿತ್ತು. ಆ ಕಾಡಿನ ಎಲ್ಲ ಕೆನ್ನಾಯಿಗಳ ಮೈಯೂ ಕೆಂಪೇ, ಬಾಲವೂ ಕಪ್ಪೇ. ಆದರೂ ರಣಮಲ್ಲ ಹೊಂಡದ ನೀರಿನಲ್ಲಿ ಮುಖ ನೋಡಿಕೊಂಡಾಗಲೆಲ್ಲ, ಇಂಥ ಬಣ್ಣ ಇನ್ನಾರಿಗಿದೆ ಎಂದು ಬೀಗುತ್ತಿದ್ದ.

ಕೆನ್ನಾಯಿಗಳು ಒಂಟಿಯಾಗಿ ಬದುಕುವ ಪ್ರಾಣಿಗಳಲ್ಲ. ಊರ ನಾಯಿಗಳಂತೆ ಬೊಗಳುವುದೂ ಇಲ್ಲ. ಸಿಳ್ಳೆ ಹಾಕಿ ಒಬ್ಬರನ್ನೊಬ್ಬರು ಕರೆದು, ಒಟ್ಟಾಗಿ ಬೇಟೆಯಾಡುತ್ತವೆ. ರಣಮಲ್ಲನ ಗುಂಪಿಗೆ ದೊಡ್ಡವ್ವ ಎಂಬ ಮುದಿ ಹೆಣ್ಣು ಯಜಮಾನಿಯಾಗಿದ್ದಳು. ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಬೇಟೆ ಬಿದ್ದ ಮೇಲೆ ಮೊದಲು ಮರಿಗಳು ತಿನ್ನಬೇಕು, ದೊಡ್ಡವರು ಸುತ್ತ ನಿಂತು ಕಾವಲು ಕಾಯಬೇಕು. ಆಮೇಲೆ ದೊಡ್ಡವರೆಲ್ಲ ಒಟ್ಟಿಗೆ ಬಾಯಿ ಹಾಕಿ ಗಬಗಬನೆ ತಿಂದು ಮುಗಿಸಬೇಕು. ಗಾಯವಾಗಿ ಗುಹೆಯಲ್ಲಿ ಬಿದ್ದವರಿಗೆ, ಮರಿ ಕಾಯಲು ಉಳಿದವರಿಗೆ, ಹೊಟ್ಟೆಯಲ್ಲೇ ಮಾಂಸ ಹೊತ್ತು ತಂದು ಕಕ್ಕಿ ಕೊಡಬೇಕು. ನಿಮಗೆ ಹೇಸಿಗೆ ಅನ್ನಿಸಬಹುದು. ಏನು ಮಾಡೋದು, ಬುತ್ತಿ ಕಟ್ಟಲು ಕೆನ್ನಾಯಿಗಳ ಹತ್ತಿರ ಬೇರೆ ಪಾತ್ರೆಯಿಲ್ಲ.

ಈ ಪದ್ಧತಿ ಕಂಡರೆ ರಣಮಲ್ಲನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾವಲು ನಿಂತಾಗ ಅವನ ಕಣ್ಣು ಕಾಡಿನ ಕಡೆ ಇರುತ್ತಿರಲಿಲ್ಲ, ಮಾಂಸದ ಮೇಲೇ ಇರುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ಓಡಿದ್ದು ನಾನು, ಹಿಡಿದು ಬೀಳಿಸಿದ್ದು ನಾನು, ಮೆತ್ತಗಿನ ತೊಡೆ ಮಾಂಸ ಮಾತ್ರ ಹಾಲುಹಲ್ಲಿನ ಈ ಪಿಳ್ಳೆಗಳಿಗಾ ಎಂದು ಒಳಗೊಳಗೇ ಕುದಿಯುತ್ತಿದ್ದ. ತಾನೂ ಮರಿಯಾಗಿದ್ದಾಗ ಹೀಗೇ ಮೊದಲು ತಿಂದು ಬೆಳೆದವನು ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. ತನಗೆ ಬೇಡವಾದದ್ದನ್ನು ಮರೆಯುವುದರಲ್ಲಿ ಅವನು ನಿಸ್ಸೀಮ.

ಆದರೆ ‘ನನಗೆ ತೊಡೆ ಮಾಂಸ ಬೇಕು’ ಎಂದು ಬಾಯಿಬಿಟ್ಟು ಹೇಳುವುದುಂಟೇ? ಮರ್ಯಾದೆಯ ಪ್ರಶ್ನೆ. ಅದಕ್ಕೆ ಅವನು ಬೇರೆ ಹೆಸರು ಕೊಟ್ಟ. ನ್ಯಾಯ ಅಂದ. ದುಡಿದವರ ಹಕ್ಕು ಅಂದ. ಒಬ್ಬೊಬ್ಬರನ್ನೇ ಪೊದೆಯ ಮರೆಗೆ ಕರೆದು ಕಿವಿಯೂದಿದ. ಚಂಬ ಎಂಬ ಬಡಪಾಯಿಗೆ, ದೊಡ್ಡವ್ವ ನಿನ್ನನ್ನು ಸೋಮಾರಿ ಅಂದಳು ಎಂದ. ಅವಳು ಹಾಗೆ ಅಂದೇ ಇರಲಿಲ್ಲ. ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದ ಸೂಜಿಗೆ, ನಿನ್ನಂಥ ಓಟಗಾತಿ ಮರಿಗಳ ಎಂಜಲು ತಿನ್ನೋದು ನೋಡಿದರೆ ನನಗೆ ಕರುಳು ಚುರುಕ್ ಅನ್ನುತ್ತೆ ಎಂದ. ಅವನ ಹೊಟ್ಟೆ ಚುರುಕ್ ಅಂದಿದ್ದಂತೂ ನಿಜ. ಇನ್ನಿಬ್ಬರು ಅಣ್ಣತಮ್ಮಂದಿರಿದ್ದರು. ಯಾರು ಏನು ಹೇಳಿದರೂ ತಲೆಯಾಡಿಸುವವರು. ಅವರಿಗೆ ಏನೂ ಹೇಳಬೇಕಾಗಲಿಲ್ಲ.

ಒಂದು ಸಂಜೆ ಬೇಟೆ ಬಿದ್ದಿತ್ತು. ಮರಿಗಳು ತಿನ್ನುತ್ತಿದ್ದವು. ರಣಮಲ್ಲ ಬಂಡೆ ಹತ್ತಿ ನಿಂತು, ತಾನೂ ತನ್ನವರೂ ಈ ಗುಂಪಿನಿಂದ ಹೊರಗೆ ಹೋಗುತ್ತಿದ್ದೇವೆ ಎಂದು ಸಾರಿದ. ಈಗ ದೊಡ್ಡವ್ವ ಗೋಳಾಡುತ್ತಾಳೆ, ಬೇಡ ಮಗಾ ಅನ್ನುತ್ತಾಳೆ, ಆಗ ತಾನು ಮುಖ ತಿರುಗಿಸಿಕೊಂಡು ಇಂತಿಂಥ ಮಾತು ಹೇಳಬೇಕು ಎಂದು ಅವನು ಮೂರು ದಿನದಿಂದ ತಾಲೀಮು ಮಾಡಿದ್ದ. ದೊಡ್ಡವ್ವ ತಲೆಯೆತ್ತಿ ನೋಡಿದಳು.

“ಹೋಗ್ತೀಯಾ? ಹೋಗಪ್ಪ. ಊಟ ಮಾಡ್ಕೊಂಡು ಹೋಗು, ಹೊಸ ಜಾಗ, ಏನು ಸಿಗುತ್ತೋ ಇಲ್ಲವೋ.”

ಅಷ್ಟೇ. ರಣಮಲ್ಲನಿಗೆ ಭಾರೀ ಅವಮಾನವಾಯಿತು. ಆದರೂ ಊಟ ಬಿಡಲಿಲ್ಲ. ಮರಿಗಳದ್ದು ಮುಗಿಯುವವರೆಗೆ ಕಾದು, ಹೊಟ್ಟೆ ತುಂಬ ತಿಂದು, ಆಮೇಲೆ ಕೋಪ ಮಾಡಿಕೊಂಡು ಹೊರಟ.

ಹಳ್ಳ ದಾಟಿ ಆಚೆ ದಡದಲ್ಲಿ ಹೊಸ ಗುಂಪು ನೆಲೆಯೂರಿತು. ರಣಮಲ್ಲ ಅದಕ್ಕೆ ‘ನಿಜವಾದ ಕೆನ್ನಾಯಿಗಳ ಗುಂಪು’ ಎಂದು ಹೆಸರಿಟ್ಟ. ದೊಡ್ಡವ್ವನದು ಗುಂಪೇ ಅಲ್ಲ, ಬರೀ ಬಾಣಂತಿ ಕೋಣೆ ಎಂದು ಹೀಯಾಳಿಸಿದ. ಹಳೆಯ ಸಿಳ್ಳೆಯನ್ನು ಯಾರೂ ಹಾಕಕೂಡದು ಎಂದು ಅಪ್ಪಣೆ ಮಾಡಿ, ತಾನೇ ಒಂದು ಹೊಸ ಸಿಳ್ಳೆ ಕಟ್ಟಿದ. ಅದು ಎಷ್ಟು ಉದ್ದವಿತ್ತೆಂದರೆ, ಸಿಳ್ಳೆ ಮುಗಿಯುವ ಹೊತ್ತಿಗೆ ಜಿಂಕೆ ಗುಡ್ಡ ದಾಟಿರುತ್ತಿತ್ತು. ಕೊನೆಗೆ ಊಟದ ನಿಯಮ ಹೇಳಿದ. ಓಡದವರಿಗೆ ತುತ್ತಿಲ್ಲ. ಓಡಿದವರಲ್ಲೂ ಮೊದಲು ಮುಂದಾಳು, ಅವನದು ಮುಗಿದ ಮೇಲೆ ಮಿಕ್ಕವರು. ಅಣ್ಣತಮ್ಮಂದಿರು ತಲೆಯಾಡಿಸಿದರು. ಚಂಬ, ಎಂಥ ನ್ಯಾಯ, ಎಂಥ ನ್ಯಾಯ ಎಂದು ಬಾಲ ಅಲ್ಲಾಡಿಸಿದ. ಸೂಜಿ ಮಾತ್ರ ಕಿವಿ ಕೆರೆದುಕೊಂಡಳು.

ಎರಡು ದಿನ ಬರಿಗೈ. ಮೂರನೆಯ ದಿನ ಸೂಜಿ ಏದುಸಿರು ಬಿಡುತ್ತ ಓಡಿ ಒಂದು ಗಂಡು ಜಿಂಕೆಯನ್ನು ತಡೆದಳು, ಎಲ್ಲರೂ ಸೇರಿ ಕೆಡವಿದರು. ರಣಮಲ್ಲ ಎಲ್ಲರಿಗಿಂತ ಹಿಂದೆ ಬಂದು ಎಲ್ಲರಿಗಿಂತ ಮುಂದೆ ಕೂತ. ತಿನ್ನತೊಡಗಿದ. ಅಬ್ಬಾ, ಏನು ಸುಖ. ತೊಡೆ ಮುಗಿಸಿದ, ನಾಲಿಗೆ ಚಪ್ಪರಿಸಿದ, ಒಂದು ಗಳಿಗೆ ಕಣ್ಣು ಮುಚ್ಚಿ ವಿಶ್ರಾಂತಿ ಪಡೆದ, ಮತ್ತೆ ಇನ್ನೊಂದು ತೊಡೆಗೆ ಬಾಯಿ ಹಾಕಿದ. ನಾಲ್ವರೂ ಹಸಿದು ದೂರದಲ್ಲಿ ಕೂತು ನೋಡುತ್ತಿದ್ದರು.

ಕೆನ್ನಾಯಿಗಳು ಗಬಗಬನೆ ತಿನ್ನುವುದು ಸುಮ್ಮನಲ್ಲ. ತಡಮಾಡಿದರೆ ರಕ್ತದ ವಾಸನೆ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಅವತ್ತು ಬಂದದ್ದು ಚಿರತೆ. ಪೊದೆಯಿಂದ ಹೊರಬಂದು, ರಣಮಲ್ಲನ ಎದುರಿಗೇ ಜಿಂಕೆಯ ಕುತ್ತಿಗೆ ಕಚ್ಚಿ ಎಳೆಯಿತು. ಐವರೂ ಒಟ್ಟಿಗೆ ಮೈಮೇಲೆ ಬಿದ್ದಿದ್ದರೆ ಚಿರತೆ ಬರಿಬಾಯಲ್ಲಿ ಮರ ಹತ್ತುತ್ತಿತ್ತು. ರಣಮಲ್ಲ ಹಿಂದಕ್ಕೆ ಜಿಗಿದು, ಹಿಡೀರಿ, ಬಿಡಬೇಡಿ ಎಂದು ಅರಚಿದ. ಯಾರೂ ಅಲುಗಾಡಲಿಲ್ಲ.

“ನಮ್ಮ ಸರದಿ ಇನ್ನೂ ಬಂದಿಲ್ಲವಲ್ಲ ಅಣ್ಣ,” ಎಂದಳು ಸೂಜಿ. “ಅದು ನಿನ್ನ ಊಟ. ನಿನ್ನ ಊಟಕ್ಕೆ ನಾವ್ಯಾಕೆ ಪರಚಿಸಿಕೊಳ್ಳೋಣ?”

ಚಿರತೆ ಜಿಂಕೆಯನ್ನು ಮರದ ಮೇಲಕ್ಕೆ ಒಯ್ದಿತು. ಸೂಜಿ ಎದ್ದು ಮೈ ಕೊಡವಿದಳು. ಇನ್ನು ಮೇಲೆ ತನ್ನದು ‘ಅಪ್ಪಟ ಕೆನ್ನಾಯಿಗಳ ಗುಂಪು’ ಎಂದು ಹೇಳಿ ಹೊರಟೇಬಿಟ್ಟಳು. ಅಣ್ಣತಮ್ಮಂದಿರು ಅವಳಿಗೂ ತಲೆಯಾಡಿಸಿ ಹಿಂದೆ ಹೋದರು. ಆಗ ರಣಮಲ್ಲ ಮಾಡಿದ ಭಾಷಣ ಕೇಳಬೇಕಿತ್ತು. ಒಗ್ಗಟ್ಟಿನ ಬಗ್ಗೆ! ಗುಂಪು ಒಡೆಯುವವರು ದ್ರೋಹಿಗಳು, ನಂಬಿದವರ ಬೆನ್ನಿಗೆ ಚೂರಿ ಹಾಕುವವರು ಎಂದು ಗಂಟಲು ಕಟ್ಟುವವರೆಗೆ ಕೂಗಿದ. ಕೇಳುವುದಕ್ಕೆ ಚಂಬ ಒಬ್ಬನೇ ಇದ್ದ. ಅವನಿಗೂ ಹಸಿವಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅಂದಹಾಗೆ, ಸೂಜಿಯ ಅಪ್ಪಟ ಗುಂಪು ಹೊತ್ತು ಮುಳುಗುವವರೆಗೆ ಬಾಳಿತು. ಆಮೇಲೆ ಮೂವರೂ ನಾಚಿಕೆ ಬಿಟ್ಟು ಹಳ್ಳ ದಾಟಿ ದೊಡ್ಡವ್ವನ ಹತ್ತಿರ ಹೋದರು.

ರಣಮಲ್ಲ ಹೋಗಲಿಲ್ಲ. ಮರ್ಯಾದೆ ಇತ್ತಲ್ಲ, ಅದನ್ನು ಹೊತ್ತುಕೊಂಡು ಓಡಾಡಬೇಕಿತ್ತು. ಮರುದಿನ ಒಂದು ಕಾಡುಹಂದಿ ಕಂಡಿತು. ಇಬ್ಬರೇ ಹಂದಿಯ ಮೇಲೆ ಹೋಗುವ ಕೆನ್ನಾಯಿಗಳನ್ನು ಆ ಕಾಡು ಅವತ್ತಿನವರೆಗೆ ನೋಡಿರಲಿಲ್ಲ. ಹಂದಿ ಒಮ್ಮೆ ತಲೆ ಕೊಡವಿತು. ಕೋರೆ ರಣಮಲ್ಲನ ಹಿಂಗಾಲನ್ನು ತೊಡೆಯಿಂದ ಮೊಣಕಾಲಿನವರೆಗೆ ಸೀಳಿಹಾಕಿತು. ಅವನು ತೆವಳಿಕೊಂಡು ಹೋಗಿ ಲಂಟಾನ ಪೊದೆಯ ಕೆಳಗೆ ಬಿದ್ದುಕೊಂಡ.

ಸಂಜೆ ಚಂಬ ಒಂದು ಮೊಲ ಹಿಡಿದು ತಂದ. ರಣಮಲ್ಲನಿಗೆ ಜೀವ ಬಂತು. ಚಂಬ ಅವನೆದುರಿಗೇ ಕೂತು, ಒಂದು ಕೂದಲೂ ಬಿಡದೆ ಮೊಲವನ್ನು ತಿಂದು ಮುಗಿಸಿದ. ಒಂದು ಚೂರು ಕೊಡೋ ತಮ್ಮಾ ಎಂದು ರಣಮಲ್ಲ ಅಂಗಲಾಚಿದ.

“ಅಯ್ಯೋ, ಕೊಡಬಾರದು ಅಂತಲ್ಲ ಅಣ್ಣ,” ಎಂದ ಚಂಬ, ಬಹಳ ವಿನಯದಿಂದ. “ಇವತ್ತು ತಾವು ಓಡಲಿಲ್ಲವಲ್ಲ. ತಾವು ಮಾಡಿದ ನಿಯಮವನ್ನ ನನ್ನಂಥವನು ಮುರಿಯೋಕಾಗುತ್ತಾ?”

ಹೀಗೆ ಹೇಳಿ ಕೈಮುಗಿಯುವವನಂತೆ ತಲೆ ಬಾಗಿಸಿ, ಅವನೂ ಹಳ್ಳದ ಕಡೆ ನಡೆದ. ಈಗ ನಿಜವಾದ ಕೆನ್ನಾಯಿಗಳ ಗುಂಪಿನಲ್ಲಿ ಉಳಿದವನು ರಣಮಲ್ಲ ಒಬ್ಬನೇ. ಇನ್ನು ಆ ಗುಂಪಿನಲ್ಲಿ ಭಿನ್ನಮತಕ್ಕೆ ಜಾಗವೇ ಇರಲಿಲ್ಲ.

ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಗಾಯಕ್ಕೆ ನೊಣ ಮುತ್ತಿತು. ಹದ್ದುಗಳು ಕೊಂಬೆಯ ಮೇಲೆ ಬಂದು ಕೂತವು. ಹೀಗೇ ಬಿದ್ದಿದ್ದರೆ ನಾಳೆಯೋ ನಾಡಿದ್ದೋ ತಾನೇ ಯಾರಿಗೋ ಊಟ ಎಂದು ರಣಮಲ್ಲನಿಗೆ ಗೊತ್ತಾಯಿತು. ಆದರೂ ಮೊದಲು ಹಾಕಿದ್ದು ತನ್ನ ಹೊಸ ಸಿಳ್ಳೆಯನ್ನೇ. ಅದಕ್ಕೆ ಯಾವುದೋ ಹಕ್ಕಿ ಓಗೊಟ್ಟಿತು, ಅಷ್ಟೇ. ಬಹಳ ಹೊತ್ತು ಹಲ್ಲು ಕಚ್ಚಿಕೊಂಡಿದ್ದು, ಕೊನೆಗೆ ಮರಿಯಾಗಿದ್ದಾಗ ಕಲಿತ ಹಳೆಯ ಸಿಳ್ಳೆಯನ್ನು ಹಾಕಿದ.

ಸ್ವಲ್ಪ ಹೊತ್ತಿನಲ್ಲೇ ದೊಡ್ಡವ್ವ ಹಳ್ಳ ದಾಟಿ ಬಂದಳು. ಹಿಂದೆ ಮರಿಗಳ ದಂಡು. ಗಾಯ ಮೂಸಿ ನೋಡಿದಳು. ಏನೂ ಕೇಳದೆ, ಹೊಟ್ಟೆಯಲ್ಲಿ ತಂದಿದ್ದ ಮಾಂಸವನ್ನು ಅವನ ಮುಂದೆ ಕಕ್ಕಿದಳು.

ಅಂಥ ಹೊತ್ತಿನಲ್ಲೂ ರಣಮಲ್ಲನ ಬಾಯಿ ಸುಮ್ಮನಿರಬೇಕಲ್ಲ. ತಾನು ಸೋತು ಕರೆದದ್ದಲ್ಲ, ಎರಡು ಗುಂಪುಗಳನ್ನೂ ಮತ್ತೆ ಒಂದುಮಾಡುವ ದೊಡ್ಡ ಮನಸ್ಸಿನಿಂದ ಕರೆದದ್ದು ಎಂದು ಶುರುಮಾಡಿದ.

“ಎರಡನೇದು ಎಲ್ಲಿದೆ ಮಗಾ?” ಎಂದಳು ದೊಡ್ಡವ್ವ. “ನಿನ್ನೋರೆಲ್ಲ ಅಲ್ಲಿ ಉಂಡು ಮಲಗಿದಾರೆ. ತಿನ್ನು ಸುಮ್ಮನೆ.”

ರಣಮಲ್ಲ ಬಾಯಿ ಮುಚ್ಚಿದ. ಆಮೇಲೆ ತಿನ್ನಲು ತೆರೆದ. ಅಷ್ಟರಲ್ಲಿ ಮರಿಗಳು ಅವನ ಮೂತಿಯ ಅಡಿಯಲ್ಲೇ ನುಗ್ಗಿ ಮಾಂಸಕ್ಕೆ ಬಾಯಿ ಹಾಕಿದವು. ಹುಟ್ಟಿದಾರಭ್ಯ ಮೊದಲ ಸಲ ಅವನು ತಾನಾಗಿಯೇ ಮೂತಿ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟ. ಒಳ್ಳೆಯ ಬುದ್ಧಿ ಬಂದು ಜಾಗ ಬಿಟ್ಟನೆಂದು ತಿಳಿಯಬೇಡಿ. ದೊಡ್ಡವ್ವ ಅಲ್ಲೇ ನಿಂತು ನೋಡುತ್ತಿದ್ದಳು.

ನೀತಿ: ಹೊಟ್ಟೆಬಾಕತನಕ್ಕೆ ನ್ಯಾಯದ ಹೆಸರಿಟ್ಟು ಗುಂಪು ಒಡೆದವನ ಗುಂಪೂ ಹಾಗೆಯೇ ಒಡೆಯುತ್ತದೆ. ಎಳೆಯರ ಮತ್ತು ನೊಂದವರ ಪಾಲು ಕಿತ್ತುಕೊಳ್ಳಲು ಹೊರಟವನು, ನಾಳೆ ತಾನೂ ನೊಂದು ಬೀಳಬಹುದೆಂದು ಮೊದಲೇ ಯೋಚಿಸಬೇಕು.